ಪ್ಲೇಯರ್ ಹೋಯಿತು, ಡಿಸ್ಕ್ ಉಳಿಯಿತು: ನಮ್ಮೂರ ಟಿವಿ ಕಪಾಟಿನ ಚರಿತ್ರೆ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡುವ. ನಿಮ್ಮ ಮನೆಯಲ್ಲಿ ಟಿವಿ ಕೆಳಗಿನ ಕಪಾಟಿನಲ್ಲೋ, ಅಮ್ಮನ ಗೋದ್ರೇಜಿನಲ್ಲೋ ಎಷ್ಟು ಡಿಸ್ಕ್ ಉಂಟು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಯಾದರೆ ಲೆಕ್ಕ ಹೆಚ್ಚು ಕಮ್ಮಿ ಹೀಗಿರುತ್ತದೆ. ಮಾವನ ಮದುವೆಯದ್ದು ಒಂದು, ಮನೆ ಒಕ್ಕಲಿನದ್ದು ಒಂದು, ಊರ ದೇವಸ್ಥಾನದ ಬ್ರಹ್ಮಕಲಶದ್ದು ಒಂದು, ಯಕ್ಷಗಾನದ್ದು ನಾಲ್ಕೈದು, ತುಳು ನಾಟಕದ್ದು ಎರಡು ಮೂರು. ಸರಿ, ಈಗ ಎರಡನೇ ಪ್ರಶ್ನೆ. ಇವತ್ತು ರಾತ್ರಿ ಅದನ್ನು ನೋಡಬೇಕು ಅಂದರೆ, ಹಾಕಿ ನೋಡ್ಲಿಕ್ಕೆ ನಿಮ್ಮ ಮನೆಯಲ್ಲಿ ಎಂತ ಉಂಟು?

ಹೆಚ್ಚಿನವರ ಉತ್ತರ "ಎಂತದೂ ಇಲ್ಲ" ಅಂತಲೇ ಇರುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹಳೆ ಪ್ಲೇಯರ್ ಗುಜರಿಗೆ ಹೋಗಿ ಆಯ್ತು. ಡಿಸ್ಕ್ ಮಾತ್ರ ಬಿಸಾಡ್ಲಿಕ್ಕೆ ಮನಸ್ಸು ಬಾರದೆ ಅಲ್ಲೇ ಉಳಿದಿದೆ.

ಇವತ್ತಿನ ಸಂಚಿಕೆ ಈ ಡಿಸ್ಕ್ ಮತ್ತು ಪ್ಲೇಯರಿನ ಚರಿತ್ರೆ. ಯಾವ ಪ್ಲೇಯರ್ ತೆಗೆದುಕೊಳ್ಳುವುದು, ಯಾವಾಗ ತೆಗೆದುಕೊಳ್ಳುವುದು, ಬೆಲೆ ಇಳಿಯುವವರೆಗೆ ಕಾಯುವುದಾ ಅಂತ ನಮ್ಮ ಮನೆಗಳು ಮೂವತ್ತು ವರ್ಷ ತಲೆ ಕೆಡಿಸಿಕೊಂಡವು. ಆ ಪ್ರಶ್ನೆ ಒಂದು ಕಾಲಕ್ಕೆ ಇಡೀ ಜಗತ್ತಿನ ದೊಡ್ಡ ಕಂಪನಿಗಳ ಯುದ್ಧವೇ ಆಗಿತ್ತು.

ಮೊದಲ ಪಾಠ: ಚಿತ್ರ ಅಲ್ಲ, ಗಂಟೆ

ಯುದ್ಧ ಡಿಸ್ಕಿಗಿಂತ ಮೊದಲೇ ಶುರುವಾದದ್ದು. 1975ರಲ್ಲಿ ಸೋನಿ ಬೀಟಾಮ್ಯಾಕ್ಸ್ ಅನ್ನುವ ವಿಡಿಯೋ ಕ್ಯಾಸೆಟ್ ತಂದಿತು. ಮರುವರ್ಷ ಜೆವಿಸಿ ವಿಎಚ್‌ಎಸ್ ತಂದಿತು. ಬೀಟಾಮ್ಯಾಕ್ಸಿನ ಚಿತ್ರ ಚೂರು ಚಂದ ಅಂತ ಹೇಳುವವರು ಇವತ್ತಿಗೂ ಇದ್ದಾರೆ. ಆದರೆ ಶುರುವಿನ ಬೀಟಾಮ್ಯಾಕ್ಸ್ ಕ್ಯಾಸೆಟಿನಲ್ಲಿ ಒಂದು ಗಂಟೆ ಮಾತ್ರ ರೆಕಾರ್ಡ್ ಆಗುತ್ತಿತ್ತು, ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ನಮ್ಮ ದೇಶದಲ್ಲಿ ಓಡಾಡಿದ 180 ನಿಮಿಷದ ವಿಎಚ್‌ಎಸ್ ಕ್ಯಾಸೆಟಿನಲ್ಲಿ ಒಂದು ಇಡೀ ಹಿಂದಿ ಸಿನಿಮಾ ಹಿಡಿಯುತ್ತಿತ್ತು. ಮಧ್ಯದಲ್ಲಿ ಎದ್ದು ಕ್ಯಾಸೆಟ್ ಬದಲಿಸಬೇಕಾದ ಕೆಲಸ ಇಲ್ಲ.

1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಭಾರತಕ್ಕೆ ಕಲರ್ ಟಿವಿ ಬಂತು. ಕರಾವಳಿಯಲ್ಲಿ ಅದರ ಜೊತೆಗೆ ಇನ್ನೊಂದು ದಾರಿಯೂ ಇತ್ತು: ಗಲ್ಫ್. ದುಬೈಯಿಂದಲೋ ಸೌದಿಯಿಂದಲೋ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಬಂತು, ಆಮೇಲೆ ವಿಸಿಆರ್ ಬಂತು. ಮನೆಯಲ್ಲಿ ಇಲ್ಲದವರು ಟಿವಿ, ವಿಸಿಆರ್, ನಾಲ್ಕು ಕ್ಯಾಸೆಟ್ ಎಲ್ಲ ಸೇರಿಸಿ ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿದ್ದರು. ನೆರೆಕರೆಯವರು ಚಾಪೆ ಹಿಡಿದುಕೊಂಡು ಬರುತ್ತಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಯಾವ ಮಾದರಿ ಒಳ್ಳೆಯದು ಅಂತ ಯಾರೂ ಪುಸ್ತಕ ನೋಡಿ ನಿರ್ಧಾರ ಮಾಡಲಿಲ್ಲ. ಬಾಡಿಗೆ ಅಂಗಡಿಯಲ್ಲಿ ಯಾವ ಕ್ಯಾಸೆಟ್ ಸಿಗುತ್ತದೋ, ಆಚೆಮನೆಯವರ ಹತ್ತಿರ ಯಾವುದು ಉಂಟೋ, ಅದೇ ನಮಗೂ ಬೇಕು. ಪ್ಲೇಯರ್ ಅಂದರೆ ಒಬ್ಬರೇ ತೆಗೆದುಕೊಳ್ಳುವ ವಸ್ತು ಹೌದು, ಆದರೆ ಅದರ ಬೆಲೆ ಇರುವುದು ಊರಿನವರ ಹತ್ತಿರ ಎಂತ ಉಂಟು ಅನ್ನುವುದರ ಮೇಲೆ. ಈ ಮಾತು ಮುಂದೆ ಮತ್ತೆ ಬರ್ತದೆ.

ವಿಸಿಡಿ: ಕೆಟ್ಟ ಚಿತ್ರ, ಒಳ್ಳೆ ವ್ಯಾಪಾರ

1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆವಿಸಿ ಸೇರಿ ವಿಡಿಯೋ ಸಿಡಿಯ ನಿಯಮ ಬರೆದವು. ನಾವು ಹೇಳುವ ವಿಸಿಡಿ ಇದೇ. ಅಮೆರಿಕದಲ್ಲಿ ಇದನ್ನು ಯಾರೂ ಅಷ್ಟಾಗಿ ಮೂಸಿ ನೋಡಲಿಲ್ಲ. ಗೆದ್ದದ್ದು ಏಷ್ಯಾದಲ್ಲಿ, ಚೀನಾದಿಂದ ಹಿಡಿದು ನಮ್ಮ ಬಿ.ಸಿ. ರೋಡಿನವರೆಗೆ.

ಯಾಕೆ? ಡಿಸ್ಕ್ ಅಗ್ಗ, ಪ್ಲೇಯರ್ ಅಗ್ಗ. ಕ್ಯಾಸೆಟಿನ ಹಾಗೆ ಟೇಪು ಸಿಕ್ಕಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಟೇಪಿಗೆ ಬೂಸ್ಟು ಹಿಡಿಯುವ ನಮ್ಮ ಊರಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಕಂಪ್ಯೂಟರ್ ಇರುವ ಯಾವ ಸ್ಟುಡಿಯೋದವರೂ ಡಿಸ್ಕ್ ಬರೆದು ಕೊಡಬಹುದು. ಹಾಗಾಗಿ ಮದುವೆ ವಿಡಿಯೋ ಅಂದರೆ ವಿಸಿಡಿ ಅನ್ನುವ ಹಾಗಾಯಿತು. ಬೀಡಿ ಕಟ್ಟಿ, ಅಡಿಕೆ ಮಾರಿ, ಗಲ್ಫಿನಿಂದ ಬಂದ ದುಡ್ಡಿನಲ್ಲಿ ಉಳಿಸಿ ಸಂಸಾರ ನಡೆಸುವ ಮನೆಗೆ ಈ ಲೆಕ್ಕ ಸರಿ ಹೊಂದಿತು.

ಆದರೆ ಚಿತ್ರ? ವಿಸಿಡಿಯ ಒಂದು ಚಿತ್ರದಲ್ಲಿ ಇರುವುದು ಅಡ್ಡಕ್ಕೆ 352, ನೀಟಕ್ಕೆ 288 ಚುಕ್ಕೆ. ಗುಣಿಸಿದರೆ ಸುಮಾರು ಒಂದು ಲಕ್ಷ. ಯಕ್ಷಗಾನದಲ್ಲಿ ರಾಕ್ಷಸ ವೇಷ ಗಿರಗಿರ ತಿರುಗುವಾಗ ಪರದೆ ಇಡೀ ಚೌಕ ಚೌಕ ಕಾಣುತ್ತಿತ್ತಲ್ಲ, ಅದಕ್ಕೆ ಕಾರಣ ಇದೇ. ಅಷ್ಟು ಬೇಗದ ಚಲನೆಯನ್ನು ಅಷ್ಟು ಸಣ್ಣ ಜಾಗದಲ್ಲಿ ತುಂಬಿಸ್ಲಿಕ್ಕೆ ಆಗುವುದಿಲ್ಲ.

ಇನ್ನೊಂದು ತೊಂದರೆ ಸಮಯ. ಒಂದು ವಿಸಿಡಿಯಲ್ಲಿ ಹಿಡಿಯುವುದು 74 ನಿಮಿಷ, ತುಂಬಾ ಅಂದರೆ 80. ನಮ್ಮ ಆಟ ರಾತ್ರಿಯಿಡೀ ಆಗುವುದು. ಮೂರು ಗಂಟೆಗೆ ಇಳಿಸಿದ ಪ್ರಸಂಗಕ್ಕೂ ಮೂರು ಡಿಸ್ಕ್ ಬೇಕು. ಭಾಗವತರು ಪದ್ಯ ಏರಿಸಿದ ಹೊತ್ತಿಗೆ ಸರಿಯಾಗಿ ಡಿಸ್ಕ್ ಮುಗಿಯುತ್ತದೆ!

ತಾಳಮದ್ದಳೆಗೆ ಮಾತ್ರ ಒಂದು ಒಳ್ಳೆ ದಾರಿ ಸಿಕ್ಕಿತು. ಅಲ್ಲಿ ನೋಡ್ಲಿಕ್ಕೆ ವೇಷ ಇಲ್ಲ, ಮಾತೇ ಎಲ್ಲ. ಎಂಪಿ3 ಮಾಡಿ ಹಾಕಿದರೆ 700 ಎಂಬಿಯ ಒಂದು ಸಿಡಿಯಲ್ಲಿ, ಸಾಮಾನ್ಯ 128 ಕೆಬಿಪಿಎಸ್ ಲೆಕ್ಕದಲ್ಲಿ, ಸುಮಾರು 12 ಗಂಟೆ ಹಿಡಿಯುತ್ತದೆ. ಅಂದರೆ ಒಂದು ಇಡೀ ರಾತ್ರಿಯ ಅರ್ಥಗಾರಿಕೆ ಒಂದೇ ಡಿಸ್ಕಿನಲ್ಲಿ. ಹಾಗಾಗಿ ಅಂಗಡಿಯಲ್ಲಿ ಗಿರಾಕಿ ಕೇಳುತ್ತಿದ್ದ ಪ್ರಶ್ನೆ "ಇದರಲ್ಲಿ ಎಂಪಿ3 ಓಡ್ತದಾ?" ಅಂತ. ಚಿತ್ರ ಎಷ್ಟು ಸ್ಪಷ್ಟ ಅನ್ನುವುದು ಆಮೇಲಿನ ಮಾತು.

28 ರೂಪಾಯಿ, 34 ರೂಪಾಯಿ

ಡಿವಿಡಿ ಜಪಾನಿನಲ್ಲಿ ಬಂದದ್ದು 1996ರ ನವೆಂಬರಿನಲ್ಲಿ. ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. ಚಿತ್ರದಲ್ಲಿ 720ಕ್ಕೆ 576 ಚುಕ್ಕೆ, ವಿಸಿಡಿಯ ನಾಲ್ಕು ಪಟ್ಟು. ನಮ್ಮಲ್ಲಿಗೆ ಅದು ನಿಧಾನಕ್ಕೆ ಬಂತು, ಯಾಕೆಂದರೆ ಡಿಸ್ಕಿನ ಬೆಲೆ ಜಾಸ್ತಿ ಇತ್ತು.

ಅದನ್ನು ಒಡೆದದ್ದು ಮೋಸರ್ ಬೇರ್. ಗ್ರೇಟರ್ ನೊಯ್ಡಾದಲ್ಲಿ ಖಾಲಿ ಡಿಸ್ಕ್ ತಯಾರಿಸುತ್ತಿದ್ದ ಕಂಪನಿ ಅದು. ಅವರು ಸಿನಿಮಾಗಳ ಹಕ್ಕು ಖರೀದಿ ಮಾಡಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಅಂತ ಮಾರುಕಟ್ಟೆಗೆ ಬಿಟ್ಟರು. ಬಾಡಿಗೆಗೆ ತಂದು ವಾಪಸು ಕೊಡುವ ರಗಳೆಗಿಂತ ತೆಗೆದುಕೊಂಡು ಇಟ್ಟುಕೊಳ್ಳುವುದೇ ಸುಲಭ ಅನ್ನಿಸುವ ಬೆಲೆ. ಎರಡರ ನಡುವೆ ವ್ಯತ್ಯಾಸ ಆರೇ ರೂಪಾಯಿ. ಆರು ರೂಪಾಯಿಗೆ ನಾಲ್ಕು ಪಟ್ಟು ಚಿತ್ರ ಸಿಗುವುದಾದರೆ ಯಾರು ಬೇಡ ಅಂತಾರೆ? ಡಿವಿಡಿ ಪ್ಲೇಯರ್ ಮನೆಮನೆಗೆ ಹೊಕ್ಕಿತು. ಅದರಲ್ಲಿ ಹಳೆ ವಿಸಿಡಿಯೂ ಓಡುತ್ತಿತ್ತು, ಎಂಪಿ3ಯೂ ಓಡುತ್ತಿತ್ತು. ಹಳೆಯದನ್ನು ಬಿಸಾಡದೆ ಹೊಸದಕ್ಕೆ ಹೋಗ್ಲಿಕ್ಕೆ ಆಯ್ತು.

ನೀಲಿ ಬೆಳಕಿನ ಯುದ್ಧ

ಈಗ ಎಚ್‌ಡಿಗೆ ಬರುವ. ಸಿಡಿ ಓದುವುದು 780 ನ್ಯಾನೋಮೀಟರಿನ ಲೇಸರ್, ಡಿವಿಡಿ ಓದುವುದು 650ರ ಕೆಂಪು ಲೇಸರ್. 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್ ಬಂದ ಮೇಲೆ ಗುರುತುಗಳನ್ನು ಇನ್ನೂ ಸಣ್ಣದು ಮಾಡಿ ಒತ್ತೊತ್ತಾಗಿ ಬರೆಯಲಿಕ್ಕೆ ಆಯ್ತು. ಸಪೂರ ಮೊನೆಯ ಪೆನ್ನಿನಲ್ಲಿ ಒಂದೇ ಪುಟದಲ್ಲಿ ಹೆಚ್ಚು ಬರೆದ ಹಾಗೆ.

ಆದರೆ ಒಂದೇ ಲೇಸರಿಗೆ ಎರಡು ಪಂಗಡ. ತೋಶಿಬಾದವರ ಎಚ್‌ಡಿ ಡಿವಿಡಿ, ಪದರಕ್ಕೆ 15 ಜಿಬಿ. ಸೋನಿ ಮತ್ತು ಜೊತೆಗಾರರ ಬ್ಲೂ-ರೇ, ಪದರಕ್ಕೆ 25 ಜಿಬಿ. ಎರಡೂ 2006ರಲ್ಲಿ ಅಂಗಡಿಗೆ ಬಂದವು. ಇದರ ಡಿಸ್ಕ್ ಅದರಲ್ಲಿ ಓಡುವುದಿಲ್ಲ. ಅಮೆರಿಕದಲ್ಲಿ ತೋಶಿಬಾದ ಮೊದಲ ಪ್ಲೇಯರ್ 499 ಡಾಲರ್, ಸ್ಯಾಮ್‌ಸಂಗಿನ ಮೊದಲ ಬ್ಲೂ-ರೇ 999 ಡಾಲರ್. ನೋಡಿದ ಕೂಡಲೇ ತೋಶಿಬಾ ಗೆಲ್ಲಬೇಕು ಅಲ್ವಾ? 2007ರ ನವೆಂಬರಿನಲ್ಲಿ ವಾಲ್‌ಮಾರ್ಟ್ ತೋಶಿಬಾದ ಒಂದು ಪ್ಲೇಯರನ್ನು 100 ಡಾಲರಿಗಿಂತ ಕಡಿಮೆಗೆ ಮಾರಿತು. ಆದರೂ ಸೋತಿತು. 2008ರ ಜನವರಿ 4ರಂದು ವಾರ್ನರ್ ಸಿನಿಮಾ ಕಂಪನಿ ಇನ್ನು ಬ್ಲೂ-ರೇ ಮಾತ್ರ ಅಂತ ಹೇಳಿತು. ಫೆಬ್ರವರಿ 19ಕ್ಕೆ ತೋಶಿಬಾ ಕೈ ಚೆಲ್ಲಿತು.

ನಾನು ಬಿಕಾಂ ಓದಿದವ. ಬೆಲೆ ಇಳಿದರೆ ಬೇಡಿಕೆ ಏರುತ್ತದೆ ಅಂತ ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ತೋಶಿಬಾದ ಕಥೆಯಲ್ಲಿ ಆ ನಿಯಮ ಕೆಲಸ ಮಾಡಲಿಲ್ಲ, ಯಾಕೆಂದರೆ ಜನ ತೆಗೆದುಕೊಳ್ಳುವುದು ಪೆಟ್ಟಿಗೆಯನ್ನಲ್ಲ, ನಾಳೆ ಅದರೊಳಗೆ ಹಾಕ್ಲಿಕ್ಕೆ ಸಿಗುವ ಡಿಸ್ಕನ್ನು. ನಾಳೆ ಸಿನಿಮಾ ಬರುವುದಿಲ್ಲ ಅಂತ ಆದರೆ 100 ಡಾಲರಿನ ಪ್ಲೇಯರೂ ದುಬಾರಿಯೇ.

ಹಾಗಾದರೆ 2008ರಲ್ಲಿ ನಮ್ಮವರು ಎಂತ ತೆಗೆದುಕೊಳ್ಳಬೇಕಿತ್ತು?

ಬ್ಲೂ-ರೇ ಗೆದ್ದಿತಲ್ಲ, ಹಾಗಾದರೆ ಬೆಳ್ತಂಗಡಿಯ ಒಂದು ಮನೆಯವರು ಅದನ್ನೇ ತೆಗೆದುಕೊಳ್ಳಬೇಕಿತ್ತಾ? ಲೆಕ್ಕ ಮಾಡಿ ನೋಡುವ. ಬ್ಲೂ-ರೇ ಓಡಿಸುವ ಪ್ಲೇಸ್ಟೇಷನ್ 3 ಭಾರತಕ್ಕೆ 2007ರಲ್ಲಿ ಬಂದಾಗ ಅದರ ಬೆಲೆ 39,990 ರೂಪಾಯಿ. ಅಷ್ಟೇ ದುಡ್ಡಿಗೆ 34 ರೂಪಾಯಿಯ ಡಿವಿಡಿ 1,176 ಬರುತ್ತದೆ. ದಿನಕ್ಕೆ ಒಂದರಂತೆ ನೋಡಿದರೂ ಮೂರು ವರ್ಷ ದಾಟುತ್ತದೆ! ಅದಕ್ಕೆ ಎಚ್‌ಡಿ ಟಿವಿ ಬೇರೆ, ಕೇಬಲ್ ಬೇರೆ. ಎಲ್ಲ ಆದ ಮೇಲೂ ನಮ್ಮ ಯಕ್ಷಗಾನ, ನಮ್ಮ ತುಳು ನಾಟಕ ಪೇಟೆಯಲ್ಲಿ ಸಿಗುತ್ತಿದ್ದದ್ದು ವಿಸಿಡಿ, ಡಿವಿಡಿಯಲ್ಲೇ.

ಹಾಗಾಗಿ ನನ್ನ ಉತ್ತರ: ನಮ್ಮ ಹಿರಿಯರು ಅಗ್ಗದ ಡಿವಿಡಿ ಪ್ಲೇಯರ್ ತೆಗೆದುಕೊಂಡದ್ದು ಸರಿ. ಅವರಿಗೆ ತಂತ್ರಜ್ಞಾನ ಗೊತ್ತಿರಲಿಲ್ಲ ಅಂತ ನಗಾಡುವವರಿಗೆ ಈ ಲೆಕ್ಕ ತೋರಿಸಿ. ಆ ಕಾಲದ ಕೆಲವು ಡಿವಿಡಿ ಪ್ಲೇಯರಿನ ಪೆಟ್ಟಿಗೆ ಮೇಲೆ "1080 ಅಪ್‌ಸ್ಕೇಲಿಂಗ್" ಅಂತ ದೊಡ್ಡದಾಗಿ ಬರೆದಿರುತ್ತಿತ್ತು. ಅದು ಎಚ್‌ಡಿ ಅಲ್ಲ. ಡಿವಿಡಿಯ ಚಿತ್ರದಲ್ಲಿ ಇರುವುದು 4,14,720 ಚುಕ್ಕೆ, ಫುಲ್ ಎಚ್‌ಡಿಯಲ್ಲಿ 20,73,600. ಸರಿಯಾಗಿ ಐದು ಪಟ್ಟು. ಐದರಲ್ಲಿ ಒಂದು ಚುಕ್ಕೆ ಮಾತ್ರ ಡಿಸ್ಕಿನಿಂದ ಬಂದದ್ದು, ಉಳಿದ ನಾಲ್ಕು ಯಂತ್ರದ ಅಂದಾಜು.

ನಷ್ಟ ಆದದ್ದು ಬೇರೆ ಕಡೆ. ಮದುವೆ, ಕಂಬಳ, ನೇಮಗಳನ್ನು ಎಚ್‌ಡಿ ಕ್ಯಾಮೆರಾದಲ್ಲಿ ಶೂಟ್ ಮಾಡ್ಲಿಕ್ಕೆ ಶುರುವಾದ ಮೇಲೂ ಮನೆಗೆ ಬಂದದ್ದು ಡಿವಿಡಿ, ಯಾಕೆಂದರೆ ಮನೆಯಲ್ಲಿ ಇದ್ದದ್ದು ಡಿವಿಡಿ ಪ್ಲೇಯರ್. ಸ್ಟುಡಿಯೋದವರು ಹಾರ್ಡ್ ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಮೂಲ ಫೈಲ್ ಅಳಿಸಿದರೆ ಐದರಲ್ಲಿ ನಾಲ್ಕು ಪಾಲು ಚಿತ್ರ ಅಲ್ಲಿಗೇ ಹೋಯಿತು. ಪ್ಲೇಯರಿನಲ್ಲಿ ದುಡ್ಡು ಉಳಿಯಿತು, ನೆನಪಿನಲ್ಲಿ ಕಳೆಯಿತು. ಅದು ಯಾರ ಲೆಕ್ಕದ ಪುಸ್ತಕಕ್ಕೂ ಬರಲಿಲ್ಲ.

ಬ್ಲೂ-ರೇಯಾದರೂ ಬಾಳಿತಾ? ಮೊದಲು ಡಿವಿಡಿ ಪ್ಲೇಯರಿನ ಮುಂಭಾಗದಲ್ಲೇ ಒಂದು ಯುಎಸ್‌ಬಿ ತೂತು ಬಂತು, ಜನ ಪೆನ್‌ಡ್ರೈವ್ ಹಾಕಿದರು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಆಟ ಫೋನಿನಲ್ಲೇ ಸಿಕ್ಕಿತು. ಚಾರ್ಮಾಡಿ, ದಿಡುಪೆಯಂಥ ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕಿಗೆ ಗುಡ್ಡ ಹತ್ತಬೇಕಾದ ಜಾಗ ಇದ್ದದ್ದರಿಂದ ಅಲ್ಲಿ ಡಿಸ್ಕಿಗೆ ಇನ್ನೂ ಸ್ವಲ್ಪ ಆಯುಷ್ಯ ಸಿಕ್ಕಿತು ಅಷ್ಟೆ. 2018ರಲ್ಲಿ ಮೋಸರ್ ಬೇರನ್ನು ಮುಚ್ಚಿ ಆಸ್ತಿ ಮಾರುವ ಆದೇಶ ಆಯ್ತು. ಬ್ಲೂ-ರೇ ಪ್ಲೇಯರುಗಳಿಗೆ ಹೆಸರಾದ ಒಪ್ಪೋ ಅದೇ ವರ್ಷ ನಿಲ್ಲಿಸಿತು. 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಮಾದರಿ ತರುವುದಿಲ್ಲ ಅಂದಿತು. 2024ರ ಕೊನೆಗೆ ಎಲ್‌ಜಿ ಹಿಂದೆ ಸರಿಯಿತು. 2025ರ ಫೆಬ್ರವರಿಯಲ್ಲಿ ಸೋನಿ, ಬರೆಯಬಹುದಾದ ಬ್ಲೂ-ರೇ ಡಿಸ್ಕ್ ತಯಾರಿಕೆಯನ್ನೇ ಮುಗಿಸಿತು. ಯುದ್ಧ ಗೆದ್ದವರೇ ಅಂಗಡಿ ಬಾಗಿಲು ಹಾಕುವ ಕಾಲ ಬಂತು.

ಮೂಡುಬಿದಿರೆಗೆ ಇದು ಹೊಸತಲ್ಲ

ಬರೆದದ್ದು ಉಂಟು, ಓದುವ ಸಾಧನ ಇಲ್ಲ: ಈ ಕಷ್ಟವನ್ನು ಮೂಡುಬಿದಿರೆ ಡಿಸ್ಕಿಗಿಂತ ತುಂಬಾ ಮೊದಲೇ ಕಂಡಿದೆ.

ಅಲ್ಲಿನ ಗುರುಬಸದಿಯನ್ನು ಸಿದ್ಧಾಂತ ಬಸದಿ ಅಂತಲೂ ಕರೆಯುತ್ತಾರೆ. ಷಟ್ಖಂಡಾಗಮ ಅನ್ನುವ ಜೈನರ ಪ್ರಾಚೀನ ಸಿದ್ಧಾಂತ ಗ್ರಂಥಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ಧವಲಾ ಟೀಕೆ, ಜೊತೆಗೆ ಜಯಧವಲಾ, ಮಹಾಧವಲಾ, ಇವುಗಳ ತಾಳೆಗರಿ ಪ್ರತಿಗಳು ಉಳಿದದ್ದು ಅಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಜನ ದೂರದಿಂದ ಬಂದು ಅವುಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲ. ಗರಿ ಇತ್ತು, ಅಕ್ಷರ ಇತ್ತು, ಆದರೆ ಆ ಲಿಪಿ ಬಲ್ಲವರು ಬೆರಳೆಣಿಕೆ.

ನಮ್ಮ ಮಾತಿನಲ್ಲಿ ಹೇಳುವುದಾದರೆ ಡಿಸ್ಕ್ ಇತ್ತು, ಪ್ಲೇಯರ್ ಇರಲಿಲ್ಲ.

19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಸೊಲ್ಲಾಪುರ, ಮುಂಬೈಯ ಜೈನ ಶ್ರೀಮಂತರ ಪ್ರಯತ್ನದಿಂದ ಇವುಗಳನ್ನು ನಾಗರಿ ಮತ್ತು ಆಗಿನ ಕನ್ನಡ ಲಿಪಿಗೆ ನಕಲು ಮಾಡುವ ಕೆಲಸ ಶುರುವಾಯಿತು. ಮುಗಿಯುವಾಗ 1920ರ ದಶಕ ಬಂದಿತ್ತು. ಆ ನಕಲುಗಳಿಂದಲೇ ಹೀರಾಲಾಲ್ ಜೈನ್ ಅವರು ಸಂಪಾದಿಸಿದ ಅಚ್ಚಿನ ಮೊದಲ ಸಂಪುಟ 1939ರಲ್ಲಿ ಹೊರಬಂತು. ಒಟ್ಟು 16 ಸಂಪುಟ. ಇದೇ ಊರಿನ ಗ್ರಂಥಭಂಡಾರದಲ್ಲಿ ಕೂತು ಕೆ. ಭುಜಬಲಿ ಶಾಸ್ತ್ರಿಗಳು ತಾಳೆಗರಿಗಳ ಪಟ್ಟಿ ಮಾಡಿದರು, 1948ರಲ್ಲಿ ಅದು ಪುಸ್ತಕವಾಗಿ ಬಂತು. ಯಾವ ಕಟ್ಟಿನಲ್ಲಿ ಎಂತ ಉಂಟು ಅಂತ ಬರೆದಿಡುವುದೂ ನಕಲು ಮಾಡಿದಷ್ಟೇ ದೊಡ್ಡ ಕೆಲಸ.

ಭಕ್ತಿಯಿಂದ ಬೀಗ ಹಾಕಿ ಇಟ್ಟದ್ದರಿಂದ ಗರಿ ಉಳಿಯಿತು, ಒಪ್ಪುವ. ಆದರೆ ಗ್ರಂಥ ಉಳಿದದ್ದು ನಕಲು ಮಾಡಿದ್ದರಿಂದ. ತಾಳೆಗರಿಗೆ ಶತಮಾನಗಳ ಸಮಯ ಇತ್ತು. ಸ್ಟುಡಿಯೋದಲ್ಲಿ ಬರೆದ ಡಿಸ್ಕಿಗೆ ಅಷ್ಟು ಸಮಯ ಇಲ್ಲ. ಕಂಪನಿಯಲ್ಲಿ ಅಚ್ಚೊತ್ತಿದ ಡಿಸ್ಕಿನಲ್ಲಿ ಗುರುತುಗಳು ಪ್ಲಾಸ್ಟಿಕಿನಲ್ಲೇ ಮೂಡಿರುತ್ತವೆ. ಮದುವೆ ಡಿಸ್ಕಿನಲ್ಲಿ ಇರುವುದು ಲೇಸರಿನಿಂದ ಸುಟ್ಟ ಬಣ್ಣದ ಪದರ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗುವುದಿಲ್ಲ. ನಮ್ಮ ಊರಿನಲ್ಲಿ ಈ ಮೂರಕ್ಕೆ ಬರಗಾಲವೇ ಇಲ್ಲ.

ಈಗ ಪ್ಲೇಯರ್ ತೆಗೆದುಕೊಳ್ಳುವುದಾದರೆ

ಚರಿತ್ರೆ ಸಾಕು, ಕೆಲಸಕ್ಕೆ ಬರುವ. ಇವತ್ತು ಯಾರಾದರೂ ಬ್ಲೂ-ರೇ ಪ್ಲೇಯರ್ ತೆಗೆದುಕೊಳ್ಳುತ್ತೇನೆ ಅಂದರೆ ಎರಡು ವಿಷಯ ನೋಡಿ. ಮೊದಲನೆಯದು, ಎಲ್ಲ ಬ್ಲೂ-ರೇ ಪ್ಲೇಯರುಗಳೂ ವಿಸಿಡಿ ಓದುವುದಿಲ್ಲ. ತೆಗೆದುಕೊಳ್ಳುವ ಮೊದಲು ನಿಮ್ಮದೇ ಹಳೆ ಡಿಸ್ಕ್ ಹಾಕಿ ನೋಡಿ. ಎರಡನೆಯದು ವಲಯ. ಭಾರತ ಡಿವಿಡಿಯಲ್ಲಿ 5ನೇ ವಲಯ, ಬ್ಲೂ-ರೇಯಲ್ಲಿ ಸಿ. ಗಲ್ಫ್ ಡಿವಿಡಿಯಲ್ಲಿ 2, ಬ್ಲೂ-ರೇಯಲ್ಲಿ ಬಿ. ದುಬೈಯ ಚಿಕ್ಕಪ್ಪ ತಂದ ಸಿನಿಮಾ ಡಿಸ್ಕ್ ಇಲ್ಲಿ ಓಡದಿದ್ದರೆ ಡಿಸ್ಕ್ ಹಾಳಾಗಿದೆ ಅಂತ ಅಲ್ಲ. 4ಕೆ ಬ್ಲೂ-ರೇಗೆ ಈ ವಲಯದ ಕಟ್ಟುಪಾಡು ಇಲ್ಲ.

ನಿಮ್ಮ ಹತ್ತಿರ ಇರುವುದು ಮದುವೆ, ಆಟ, ನಾಟಕದ ಡಿಸ್ಕ್ ಮಾತ್ರವಾದರೆ ಎಚ್‌ಡಿ ಪ್ಲೇಯರೇ ಬೇಡ. ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಡಿವಿಡಿ ಡ್ರೈವ್ ಸಾಕು. ಊರಿನ ಹತ್ತು ಮನೆಗೆ ಸೇರಿ ಒಂದು ಇದ್ದರೂ ಆಯ್ತು, ಹಿಂದೆ ವಿಸಿಆರ್ ತಂದ ಹಾಗೆ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಸುತ್ತ ಸುತ್ತ ಉಜ್ಜಬೇಡಿ. ವಿಸಿಡಿಯಲ್ಲಿ ಎಂಪೆಗ್‌ಎವಿ ಅನ್ನುವ ಫೋಲ್ಡರಿನ ಒಳಗೆ ಡ್ಯಾಟ್ ಫೈಲ್ ಇರುತ್ತದೆ. ಡಿವಿಡಿಯಲ್ಲಿ ವಿಡಿಯೋ-ಟಿಎಸ್ ಫೋಲ್ಡರನ್ನು ಇಡೀ ಕಾಪಿ ಮಾಡಿ. ವಿಎಲ್‌ಸಿಯಲ್ಲಿ ಎರಡೂ ಓಡುತ್ತವೆ. ವಾಟ್ಸಾಪಿನಲ್ಲಿ ಕಳಿಸಿ ಇನ್ನಷ್ಟು ಕುಗ್ಗಿಸಬೇಡಿ, ಮೊದಲೇ ಚುಕ್ಕೆ ಕಡಿಮೆ ಉಂಟು. ಎರಡು ಪ್ರತಿ ಇಡಿ, ಎರಡೂ ಒಂದೇ ಮನೆಯಲ್ಲಿ ಬೇಡ. ಫೈಲಿಗೆ ಹೆಸರು ಹಾಕಿ: ಯಾರ ಮದುವೆ, ಯಾವ ವರ್ಷ, ಯಾವ ಪ್ರಸಂಗ, ಭಾಗವತರು ಯಾರು. ಹೇಳುವವರು ಇರುವಾಗಲೇ ಕೇಳಿ ಬರೆಯಿರಿ. ಅಂಗಡಿಯಲ್ಲಿ ತೆಗೆದುಕೊಂಡ ಯಕ್ಷಗಾನ ಡಿಸ್ಕನ್ನು ಮಾತ್ರ ಕೇಳದೆ ಯೂಟ್ಯೂಬಿಗೆ ಏರಿಸಬೇಡಿ, ಅದು ಕಲಾವಿದರ ಅನ್ನ.

ಕಟೀಲು ಮೇಳದಲ್ಲಿ ದಶಕಗಟ್ಟಲೆ ಹಾಡಿದ, ಮೂಡುಬಿದಿರೆ ಹತ್ತಿರ ಮಾರೂರಿನಲ್ಲಿ ಇದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಅವರ ಸ್ವರ ಇನ್ನು ಮುಂದೆ ಸಿಗುವುದು ರೆಕಾರ್ಡ್ ಆದದ್ದರಲ್ಲಿ ಮಾತ್ರ. ಅವರದ್ದು ದೊಡ್ಡ ಹೆಸರು, ಎಲ್ಲೋ ಯಾರೋ ಉಳಿಸಿಯಾರು. ಆದರೆ ನಿಮ್ಮ ಮಾವನ ಮದುವೆ ವಿಡಿಯೋದಲ್ಲಿ ಊಟದ ಪಂಕ್ತಿಯ ಹತ್ತಿರ ನಿಂತು ಬಡಿಸುವವರನ್ನು ಜೋರು ಮಾಡುವ ಅಜ್ಜ ಇದ್ದಾರಲ್ಲ, ಅವರು ನಡೆದಾಡುವ, ಮಾತಾಡುವ ಚಿತ್ರ ಇಡೀ ಜಗತ್ತಿನಲ್ಲಿ ಇರುವುದು ಆ ಒಂದು ಡಿಸ್ಕಿನಲ್ಲಿ. ಅದನ್ನು ನಕಲು ಮಾಡ್ಲಿಕ್ಕೆ ಯಾವ ಸೊಲ್ಲಾಪುರದ ಸೇಠರೂ ಬರುವುದಿಲ್ಲ.

ಈ ವಾರ ಒಂದು ಡಿಸ್ಕ್ ಕಾಪಿ ಮಾಡಿ.